ತಾಯಿಮೀನಿನ ತೂಕ

ಮಲೆನಾಡಿನ ಮನೆಗಳಲ್ಲಿ ಬೀಜಕ್ಕೆಂದು ಬಳ್ಳಿಯಲ್ಲೇ ಉಳಿಸಿದ ಸೌತೆಕಾಯಿಯನ್ನು ಮಕ್ಕಳೂ ಮುಟ್ಟುವುದಿಲ್ಲ. ಇದ್ದುದರಲ್ಲಿ ದೊಡ್ಡದೂ ಲಕ್ಷಣವಾದದ್ದೂ ಆದ ಕಾಯಿಯನ್ನು ಆರಿಸಿ, ಅದು ಪೂರ್ತಿ ಹಣ್ಣಾಗುವ ತನಕ ಕಾಯ್ದು, ಬೀಜವನ್ನು ಬೂದಿಯಲ್ಲಿ ಕಲಸಿ ಒಣಗಿಸಿ ಮುಂದಿನ ಮಳೆಗಾಲಕ್ಕೆ ಎತ್ತಿಡುತ್ತಾರೆ. ಅಡುಗೆಗೆ ಬರುವುದು ಉಳಿದ ಕಾಯಿಗಳು. ಭತ್ತದ ಗದ್ದೆಯಲ್ಲಿಯೂ ಹಾಗೆಯೇ, ಮೊದಲು ಬೀಜದ ತೆನೆ, ಅನಂತರ ಊಟದ ಅಕ್ಕಿ. ಬೇಸಾಯವೆಂಬ ವಿದ್ಯೆ ಆರಂಭವಾದ ದಿನದಿಂದಲೂ ಇರುವ ಈ ವಿವೇಕಕ್ಕೆ ಕೃಷಿವಿಜ್ಞಾನವು ಹೊಸದಾಗಿ ಸೇರಿಸಿದ್ದು ಬಹಳವೇನಿಲ್ಲ.

ಕಡಲಿನ ಕೊಯ್ಲಿನಲ್ಲಿ ಈ ಕ್ರಮ ತಲೆಕೆಳಗಾಗಿದೆ. ಉತ್ತರ ಅಮೆರಿಕದ ವಾಯವ್ಯ ತುದಿಯಲ್ಲಿರುವ ಅಲಾಸ್ಕಾದಲ್ಲಿ ಹೋಮರ್ ಎಂಬ ಬಂದರು ಊರೊಂದಿದೆ. ಅದು ತನ್ನನ್ನು ತಾನೇ ಜಗತ್ತಿನ ಹ್ಯಾಲಿಬಟ್ ರಾಜಧಾನಿಯೆಂದು ಕರೆದುಕೊಳ್ಳುತ್ತದೆ. ಬೇಸಗೆಯ ತಿಂಗಳುಗಳಲ್ಲಿ ಪ್ರವಾಸಿಗರು ಬಾಡಿಗೆ ದೋಣಿಗಳಲ್ಲಿ ಆಳ ಕಡಲಿಗೆ ಹೋಗಿ, ತಳದಲ್ಲಿ ಮಲಗಿರುವ ಈ ದೈತ್ಯ ಮೀನಿಗೆ ಗಾಳ ಇಳಿಬಿಡುತ್ತಾರೆ. ಸಂಜೆ ದಡದಲ್ಲಿ ಮೀನುಗಳನ್ನು ಸಾಲಾಗಿ ತೂಗುಹಾಕಿ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ಅಲ್ಲಿಯ ಸಂಪ್ರದಾಯ. ಮನುಷ್ಯನಿಗಿಂತ ಎತ್ತರವಾಗಿ, ಹಲಗೆಯಂತೆ ಅಗಲವಾಗಿ ತೂಗುವ ಮೀನಿಗೆ ಅಲ್ಲಿಯವರು ಇಟ್ಟಿರುವ ಅಡ್ಡಹೆಸರು 'ಕೊಟ್ಟಿಗೆಯ ಬಾಗಿಲು'. 1996ರಲ್ಲಿ ಅಲ್ಯೂಷಿಯನ್ ದ್ವೀಪಗಳ ಉನಲಾಸ್ಕಾ ಕೊಲ್ಲಿಯಲ್ಲಿ ಗಾಳಕ್ಕೆ ಸಿಕ್ಕ ಒಂದು ಹ್ಯಾಲಿಬಟ್ 459 ಪೌಂಡ್, ಅಂದರೆ 208 ಕಿಲೋ ತೂಗಿ ವಿಶ್ವದಾಖಲೆಯಾಯಿತು. ಚಿತ್ರಗಳ ಅಡಿಯಲ್ಲಿ ಸಾಮಾನ್ಯವಾಗಿ ಬರೆಯದೆ ಬಿಡುವ ಸಂಗತಿಯೊಂದಿದೆ: ಆ ಗಾತ್ರದ ಹ್ಯಾಲಿಬಟ್ ಯಾವಾಗಲೂ ಹೆಣ್ಣು. ಗಂಡು ಅಷ್ಟು ಬೆಳೆಯುವುದೇ ಇಲ್ಲ.

ಭೂಗೋಳದ ಇನ್ನೊಂದು ಮಗ್ಗುಲಿನ ಶೀತಕಡಲಿನ ಮೀನಿನ ಕಥೆ ಘಟ್ಟದ ಮೇಲಿನವರಿಗೇಕೆ ಎಂದು ಕೇಳುವವರಿರಬಹುದು. ಪೆಸಿಫಿಕ್ ಹ್ಯಾಲಿಬಟ್‌ನಷ್ಟು ದೀರ್ಘಕಾಲ, ಅಷ್ಟು ಶ್ರದ್ಧೆಯಿಂದ ಎಣಿಕೆಗೆ ಒಳಗಾದ ಕಾಡುಜೀವಿಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ನೂರು ವರ್ಷಗಳ ಲೆಕ್ಕ, ಎರಡು ದೇಶಗಳ ಒಪ್ಪಂದ, ಸಮರ್ಥ ವಿಜ್ಞಾನಿಗಳು, ಬಲವಾದ ಕಾನೂನು, ಎಲ್ಲವೂ ಇದ್ದಲ್ಲಿ ಏನಾಯಿತು ಎಂಬುದನ್ನು ನೋಡಿದರೆ, ಅವು ಯಾವುವೂ ಇಲ್ಲದ ಕಡೆ ಕಾಡು ನದಿ ಕಡಲುಗಳಿಂದ ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂಬ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೊದಲು ಮೀನಿನ ಪರಿಚಯ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನಿನ ಬುಟ್ಟಿಯಲ್ಲಿ ಎಲೆಯಂತೆ ಚಪ್ಪಟೆಯಾದ, ಎರಡೂ ಕಣ್ಣುಗಳು ಒಂದೇ ಮಗ್ಗುಲಲ್ಲಿರುವ ನಂಗು ಮೀನನ್ನು ಕಂಡವರಿಗೆ ಹ್ಯಾಲಿಬಟ್‌ನ ಆಕಾರ ಊಹಿಸುವುದು ಸುಲಭ. ಎರಡೂ ಚಪ್ಪಟೆ ಮೀನುಗಳ ಬಳಗಕ್ಕೆ ಸೇರಿದವು. ಆದರೆ ನಂಗು ಅಂಗೈ ಅಳತೆಯದು, ಹ್ಯಾಲಿಬಟ್ ಎಂಟು ಅಡಿಯವರೆಗೆ ಬೆಳೆಯಬಲ್ಲದು. ಮರಿಯಾಗಿ ಹುಟ್ಟುವಾಗ ಅದೂ ಎಲ್ಲ ಮೀನುಗಳಂತೆಯೇ ನೆಟ್ಟಗೆ ಈಜುತ್ತದೆ, ತಲೆಯ ಎರಡು ಬದಿಗೆ ಎರಡು ಕಣ್ಣು. ಒಂದಂಗುಲದಷ್ಟು ಬೆಳೆಯುವ ಹೊತ್ತಿಗೆ ಎಡಗಣ್ಣು ಮೆಲ್ಲನೆ ತಲೆಯನ್ನು ದಾಟಿ ಬಲಬದಿಗೆ ಬರುತ್ತದೆ, ಮೀನು ಮಗ್ಗುಲಾಗಿ ತಳಕ್ಕೆ ಇಳಿಯುತ್ತದೆ. ಮೇಲಿನ ಮೈ ಕೆಸರಿನ ಬಣ್ಣ ತಳೆದರೆ ಕೆಳಮೈ ಬೆಳ್ಳಗೆ ಉಳಿಯುತ್ತದೆ.

ಬೆಳವಣಿಗೆ ಬಹಳ ನಿಧಾನ. ಹೆಣ್ಣು ಪ್ರಾಯಕ್ಕೆ ಬರಲು ಸುಮಾರು ಹನ್ನೆರಡು ವರ್ಷ ಬೇಕು. ಗಂಡು ಅದಕ್ಕಿಂತ ಮೊದಲೇ ಪ್ರಾಯಕ್ಕೆ ಬಂದು ಅಲ್ಲಿಗೆ ಬೆಳವಣಿಗೆಯನ್ನು ಬಹುಮಟ್ಟಿಗೆ ಮುಗಿಸಿಬಿಡುತ್ತದೆ. ಹೆಣ್ಣು ಮಾತ್ರ ದಶಕಗಳ ಕಾಲ ಬೆಳೆಯುತ್ತಲೇ ಇರುತ್ತದೆ. ಮೀನಿನ ಕಿವಿಯೊಳಗೆ ಪುಟ್ಟ ಕಲ್ಲೊಂದಿರುತ್ತದೆ, ಅದನ್ನು ಸೀಳಿದರೆ ಮರದ ದಿಮ್ಮಿಯಲ್ಲಿ ಕಾಣುವಂಥ ಬಳೆಗಳು. ಆ ಬಳೆಗಳನ್ನು ಎಣಿಸಿ 55 ವರ್ಷ ಬದುಕಿದ ಹ್ಯಾಲಿಬಟ್‌ಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಚಳಿಗಾಲದಲ್ಲಿ ಇವು ಭೂಖಂಡದ ಅಂಚಿನ ಇಳಿಜಾರಿಗೆ, ನೂರಾರು ಮೀಟರ್ ಆಳಕ್ಕೆ ಇಳಿದು ಮೊಟ್ಟೆಯಿಡುತ್ತವೆ. ದೊಡ್ಡ ಹೆಣ್ಣೊಂದು ಒಂದು ಋತುವಿನಲ್ಲಿ ಇಡುವ ಮೊಟ್ಟೆಗಳು ಹತ್ತಾರು ಲಕ್ಷ. ಮೊಟ್ಟೆ ಮತ್ತು ಮರಿಗಳು ಕಡಲಿನ ಪ್ರವಾಹದಲ್ಲಿ ತೇಲಿ ಪಶ್ಚಿಮಕ್ಕೆ ಸಾಗಿ, ಬೆಳೆದ ಮೇಲೆ ವರ್ಷಗಟ್ಟಲೆ ಈಜಿ ಪೂರ್ವಕ್ಕೆ ಮರಳುತ್ತವೆ. ಆದ್ದರಿಂದ ಒಂದು ಕಡೆಯ ತಾಯಿಮೀನನ್ನು ಹಿಡಿದರೆ ಅದರ ಫಲ ಸಾವಿರಾರು ಕಿಲೋಮೀಟರ್ ಆಚೆಯ, ಹೆಸರೂ ತಿಳಿಯದ ಊರಿನ ದೋಣಿಗೆ ತಟ್ಟುತ್ತದೆ.

ಈ ಮೀನನ್ನು ಆ ತೀರದ ಮೂಲನಿವಾಸಿಗಳು ಸಾವಿರಾರು ವರ್ಷ ಹಿಡಿದು ತಿಂದಿದ್ದಾರೆ. ಟ್ಲಿಂಗಿಟ್, ಹೈಡಾ, ಮಕಾ ಮೊದಲಾದ ಜನಾಂಗಗಳು ಅದಕ್ಕೆಂದೇ ಮರದ ಗಾಳಗಳನ್ನು ಕೆತ್ತುತ್ತಿದ್ದರು. ಉತ್ತರದ ಟ್ಲಿಂಗಿಟ್ ಮತ್ತು ಹೈಡಾ ಜನರ ಗಾಳಕ್ಕೆ ಕವಲುಗೋಲಿನ ಆಕಾರ, ಎರಡು ಬಗೆಯ ಮರದ ಎರಡು ತೋಳು. ಒಂದು ತೋಳು ತೇಲುವ ಹಗುರ ಮರದ್ದು, ಇನ್ನೊಂದು ಗಟ್ಟಿಮರದ್ದು. ತಳದಿಂದ ಸ್ವಲ್ಪ ಮೇಲೆ ತೇಲುವ ಹಾಗೆ ಕಲ್ಲಿನ ತೂಕ ಕಟ್ಟಿ, ದೇವದಾರು ಜಾತಿಯ ಮರದ ಒಳತೊಗಟೆಯ ಹುರಿಯಲ್ಲೋ ಕಡಲಪಾಚಿಯ ಉದ್ದ ದಂಟಿನಲ್ಲೋ ಇಳಿಬಿಡುತ್ತಿದ್ದರು. ಕೆಳತೋಳಿನ ಮೇಲೆ ಕಾಗೆ, ನೀರುನಾಯಿ, ಅಷ್ಟಪಾದಿಗಳ ಸೊಗಸಾದ ಕೆತ್ತನೆ. ಸಂಗ್ರಹಾಲಯಗಳಲ್ಲಿ ಅವುಗಳನ್ನು ಕಲಾಕೃತಿಗಳೆಂದು ಇಟ್ಟಿರುವುದೇ ಹೆಚ್ಚು. ಅವು ಒಳ್ಳೆಯ ಉಪಕರಣಗಳೂ ಹೌದು. ತೋಳುಗಳ ನಡುವಿನ ಅಂತರ ಎಷ್ಟಿರುತ್ತಿತ್ತೆಂದರೆ ಚಿಕ್ಕ ಮೀನಿನ ಬಾಯಿಗೆ ಅದು ಹಿಡಿಸುತ್ತಿರಲಿಲ್ಲ, ಅತಿ ದೊಡ್ಡ ಮೀನಿನ ದಪ್ಪ ದವಡೆ ಅದರೊಳಗೆ ತೂರುತ್ತಿರಲಿಲ್ಲ. ಸಿಗುತ್ತಿದ್ದುದು ನಡುವಿನ ಗಾತ್ರದ್ದು. ಇದಕ್ಕೆ ಕಾರಣ ಧರ್ಮವೇ, ಭಯವೇ, ಅನುಕೂಲವೇ ಎಂದು ವಿದ್ವಾಂಸರು ಚರ್ಚಿಸಬಹುದು. ಮರದ ತೊಲೆ ಕೊರೆದು ಮಾಡಿದ ಕಿರುದೋಣಿಗೆ ಇನ್ನೂರು ಕಿಲೋದ, ಜೀವಂತವಾಗಿ ಒದರಾಡುವ ಮೀನನ್ನು ಎಳೆದುಕೊಳ್ಳುವುದು ಜಾಣತನವಲ್ಲ ಎಂಬುದಂತೂ ನಿಜ. ಇಂದಿನ ಉಕ್ಕಿನ ದೋಣಿಗಳಲ್ಲಿಯೂ ದೊಡ್ಡ ಹ್ಯಾಲಿಬಟ್‌ನ ಬಾಲದ ಹೊಡೆತಕ್ಕೆ ಕಾಲು ಮುರಿದುಕೊಂಡವರಿದ್ದಾರೆ; ನೀರಿನಲ್ಲಿರುವಾಗಲೇ ಈಟಿಯಿಂದ ಚುಚ್ಚಿಯೋ ಗುಂಡು ಹಾರಿಸಿಯೋ ಕೊಂದು, ಅನಂತರ ಮೇಲೆತ್ತುವುದು ವಾಡಿಕೆ. ಕಾರಣ ಏನೇ ಇರಲಿ, ಮರದ ಗಾಳ ಮರಿಯನ್ನೂ ಬಿಡುತ್ತಿತ್ತು, ಮುದಿತಾಯಿಯನ್ನೂ ಬಿಡುತ್ತಿತ್ತು.

ಇದೇ ಕುಲದ ಇನ್ನೊಂದು ಜಾತಿ ಅಟ್ಲಾಂಟಿಕ್ ಹ್ಯಾಲಿಬಟ್. ಅದರ ಗತಿ ಏನಾಯಿತೆಂಬುದನ್ನು ಬೇಗನೆ ಹೇಳಿ ಮುಗಿಸಬಹುದು, ಏಕೆಂದರೆ ಅದು ಮುಗಿದದ್ದೂ ಬೇಗನೆಯೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತೀರದ ಕಾಡ್ ಮೀನುಗಾರರಿಗೆ ಹ್ಯಾಲಿಬಟ್ ಒಂದು ಪೀಡೆಯಾಗಿತ್ತು. ಕಾಡ್‌ಗೆ ಹಾಕಿದ ಗಾಳಕ್ಕೆ ಇದು ಬಂದು ಸಿಕ್ಕಿಕೊಳ್ಳುತ್ತಿತ್ತು. 1820ರ ದಶಕದಿಂದ ಬಾಸ್ಟನ್ ಪೇಟೆಯಲ್ಲಿ ಅದಕ್ಕೆ ಗಿರಾಕಿಗಳು ಹುಟ್ಟಿಕೊಂಡರು. ಗ್ಲೌಸ್ಟರ್ ಬಂದರಿನ ಹಾಯಿಹಡಗುಗಳು ಜಾರ್ಜಸ್ ಬ್ಯಾಂಕ್ ಎಂಬ ಕಡಲೊಳಗಿನ ದಿಬ್ಬಕ್ಕೆ ಮುತ್ತಿದವು. 1850ರ ಹೊತ್ತಿಗೆ ಅಲ್ಲಿ ಲಾಭಕ್ಕೆ ಸಾಕಾಗುವಷ್ಟು ಮೀನು ಉಳಿದಿರಲಿಲ್ಲ. ಹಡಗುಗಳು ನ್ಯೂಫೌಂಡ್‌ಲ್ಯಾಂಡ್‌ನ ಗ್ರ್ಯಾಂಡ್ ಬ್ಯಾಂಕ್ಸ್‌ಗೆ, ಮುಂದೆ ಗ್ರೀನ್‌ಲ್ಯಾಂಡ್‌ಗೆ, 1880ರ ದಶಕದಲ್ಲಿ ಐಸ್‌ಲ್ಯಾಂಡ್‌ವರೆಗೂ ಹೋದವು. ಒಂದು ದಿಬ್ಬ ಬರಿದಾದರೆ ಮುಂದಿನ ದಿಬ್ಬ: ಕುಮರಿಯಾದರೂ ಬಿಟ್ಟ ನೆಲಕ್ಕೆ ವರ್ಷಗಳ ವಿಶ್ರಾಂತಿ ಕೊಡುತ್ತಿತ್ತು, ಈ ಬೇಟೆ ಅದನ್ನೂ ಕೊಡಲಿಲ್ಲ. ಇಬ್ಬಿಬ್ಬರು ಕೂತು ಹೋಗುತ್ತಿದ್ದ ಸಣ್ಣ ಡೋರಿ ದೋಣಿಗಳು ಮಂಜಿನಲ್ಲಿ ತಾಯಿಹಡಗಿನ ದಾರಿ ತಪ್ಪಿ ಕಾಣೆಯಾಗುತ್ತಿದ್ದವು. ಗ್ಲೌಸ್ಟರ್‌ನ ಸ್ಮಾರಕದಲ್ಲಿ ಕಡಲಿನಲ್ಲಿ ಸತ್ತ ಮೀನುಗಾರರ 5,000ಕ್ಕೂ ಹೆಚ್ಚು ಹೆಸರುಗಳಿವೆ. ಅಮೆರಿಕದ ಆ ತೀರದಲ್ಲಿ ಹ್ಯಾಲಿಬಟ್ ಚೇತರಿಸಿಕೊಳ್ಳಲೇ ಇಲ್ಲ. 1999ರಲ್ಲಿ ಅಲ್ಲಿಯ ಸರ್ಕಾರ ಒಂದು ದೋಣಿ ಒಂದು ಪ್ರಯಾಣಕ್ಕೆ ಒಂದೇ ಒಂದು ಮೀನನ್ನು ತರಬಹುದೆಂಬ ನಿಯಮ ಮಾಡಬೇಕಾಯಿತು. ಉತ್ತರಕ್ಕೆ, ಕೆನಡಾದ ನೀರಿನಲ್ಲಿ ಈ ಶತಮಾನದಲ್ಲಿ ಮೀನು ಗಣನೀಯವಾಗಿ ಹೆಚ್ಚಿದೆ ಎಂಬುದನ್ನೂ ಹೇಳಬೇಕು. ಕಡಲು ಕ್ಷಮಿಸುವುದೇ ಇಲ್ಲವೆಂದಲ್ಲ, ಅದರ ಕ್ಷಮೆಗೆ ಒಂದೂವರೆ ಶತಮಾನ ಹಿಡಿಯುತ್ತದೆ.

ಅಟ್ಲಾಂಟಿಕ್ ಬರಿದಾಗುತ್ತಿದ್ದಂತೆ ವ್ಯಾಪಾರ ಪೆಸಿಫಿಕ್‌ಗೆ ತಿರುಗಿತು. ಅದಕ್ಕೆ ದಾರಿ ಮಾಡಿದ್ದು ರೈಲು. 1888ರಲ್ಲಿ ವಾಷಿಂಗ್ಟನ್ ಪ್ರದೇಶದ ಟಕೋಮಾ ಬಂದರಿನಲ್ಲಿ ಇಳಿಸಿದ ಹ್ಯಾಲಿಬಟ್ ಮಂಜುಗಡ್ಡೆಯಲ್ಲಿ ಹುದುಗಿ, ಹೊಸದಾಗಿ ಹಾಕಿದ್ದ ಹಳಿಗಳ ಮೇಲೆ ಖಂಡವನ್ನೇ ದಾಟಿ ಪೂರ್ವದ ಪೇಟೆಗಳಿಗೆ ಹೋಯಿತು. ಘಟ್ಟಕ್ಕೆ ರಸ್ತೆ, ಹಳಿಗಳು ಬಂದ ಮೇಲೆ ಮರಕ್ಕೆ ಏನಾಯಿತೆಂಬುದನ್ನು ಬಲ್ಲ ಹಿರಿಯರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಮೂವತ್ತು ವರ್ಷಗಳಲ್ಲಿ ಹತ್ತಿರದ ದಿಬ್ಬಗಳು ಸೊರಗಿ, ಮೀನುಗಾರರೇ ನಿಯಂತ್ರಣ ಬೇಕೆಂದು ಕೇಳುವ ಸ್ಥಿತಿ ಬಂತು. 1923ರ ಮಾರ್ಚ್‌ನಲ್ಲಿ ಕೆನಡಾ ಮತ್ತು ಅಮೆರಿಕ ಹ್ಯಾಲಿಬಟ್ ಒಪ್ಪಂದಕ್ಕೆ ಸಹಿ ಹಾಕಿದವು. ಬ್ರಿಟನ್ನಿನ ಸಹಿಯಿಲ್ಲದೆ ಕೆನಡಾ ತಾನೊಂದೇ ಸಹಿ ಹಾಕಿದ ಮೊದಲ ಒಪ್ಪಂದವದು. ಒಂದು ದೇಶದ ಸ್ವಾತಂತ್ರ್ಯದ ಹೆಜ್ಜೆಗೆ ಮೀನು ನೆಪವಾದದ್ದು ಇತಿಹಾಸದ ಸ್ವಾರಸ್ಯ. ಚಳಿಗಾಲದ ಮೂರು ತಿಂಗಳು, ಮೊಟ್ಟೆಯಿಡುವ ಕಾಲದಲ್ಲಿ, ಮೀನುಗಾರಿಕೆ ನಿಂತಿತು. 1930ರ ಹೊಸ ಒಪ್ಪಂದದ ಬಳಿಕ ಪ್ರತಿ ವಲಯಕ್ಕೂ ವಾರ್ಷಿಕ ಮಿತಿ ಗೊತ್ತಾಯಿತು. ಎರಡು ದೇಶಗಳ ಜಂಟಿ ಆಯೋಗ ಇಂದಿಗೂ ಪ್ರತಿ ವರ್ಷದ ಆರಂಭದಲ್ಲಿ ಸಭೆ ಸೇರಿ ಆ ವರ್ಷ ಎಷ್ಟು ಹಿಡಿಯಬಹುದೆಂದು ಗೊತ್ತುಮಾಡುತ್ತದೆ.

ನಿಯಂತ್ರಣ ಬಂದ ಮೇಲೆ ಮೀನು ಹೆಚ್ಚಿತು. ಆಯೋಗದ ಮೊದಲ ನಿರ್ದೇಶಕ ವಿಲಿಯಂ ಥಾಂಪ್ಸನ್ ಇದು ನಿಯಂತ್ರಣದ ಫಲವೆಂದರು. ಮಾರ್ಟಿನ್ ಬರ್ಕನ್‌ರೋಡ್ ಎಂಬ ಇನ್ನೊಬ್ಬ ಜೀವವಿಜ್ಞಾನಿ ಇದು ಪ್ರಕೃತಿಯ ಸಹಜ ಏರಿಳಿತವೂ ಆಗಿರಬಹುದೆಂದು ಆಕ್ಷೇಪಿಸಿದರು. ಆ ವಾದ ಪೂರ್ಣವಾಗಿ ಬಗೆಹರಿದಿಲ್ಲ. ಮರ ನೆಟ್ಟ ವರ್ಷವೇ ಒಳ್ಳೆಯ ಮಳೆ ಬಂದರೆ ಹಸಿರಿನ ಕೀರ್ತಿ ಯಾರಿಗೆ ಸಲ್ಲಬೇಕು ಎಂಬಂಥ ಪ್ರಶ್ನೆ ಇದು. ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಂಥ ವಾದ ಸಾಧ್ಯವಾದದ್ದೇ ಲೆಕ್ಕ ಇಟ್ಟದ್ದರಿಂದ ಎಂಬುದನ್ನು.

ಆದರೆ ಒಟ್ಟು ತೂಕಕ್ಕೆ ಮಿತಿ ಹಾಕಿ, ಯಾರು ಬೇಕಾದರೂ ಹಿಡಿಯಬಹುದೆಂದು ಬಿಟ್ಟರೆ ಏನಾಗುತ್ತದೆ? ಎಲ್ಲರೂ ಓಡುತ್ತಾರೆ. ದೋಣಿಗಳು ಹೆಚ್ಚಿದಂತೆ ಋತು ಕಿರಿದಾಗುತ್ತ ಬಂದು, 1990ರ ದಶಕದ ಆರಂಭದಲ್ಲಿ ಅಲಾಸ್ಕಾದ ಮುಖ್ಯ ವಲಯಗಳಲ್ಲಿ ವರ್ಷದ ಹ್ಯಾಲಿಬಟ್ ಮೀನುಗಾರಿಕೆ ಎಂದರೆ ತಲಾ 24 ತಾಸುಗಳ ಎರಡು ಮೂರು ದಿನಗಳು ಮಾತ್ರ. ಆ ದಿನ ಬಿರುಗಾಳಿ ಎದ್ದರೂ ಹೋಗಲೇಬೇಕು. ದೋಣಿಗಳು ಮುಳುಗಿದವು, ಜನ ಸತ್ತರು. ಎತ್ತಲು ಸಮಯ ಸಾಲದೆ ಕಡಿದುಬಿಟ್ಟ ಗಾಳದ ಹಗ್ಗಗಳು ತಳದಲ್ಲಿಯೇ ಮೀನನ್ನು ಕೊಲ್ಲುತ್ತ ಉಳಿದವು. ಒಂದೇ ದಿನ ದಡಕ್ಕೆ ಬಿದ್ದ ರಾಶಿ ಮೀನಿಗೆ ಬೆಲೆಯೂ ಇರಲಿಲ್ಲ. ಇದೇ ಕಾಲದಲ್ಲಿ ಗಾಳವೂ ಚುರುಕಾಗಿತ್ತು. ನೂರಾರು ಮೀಟರ್ ಉದ್ದದ ಹಗ್ಗಕ್ಕೆ ಹದಿನೆಂಟು ಅಡಿಗೊಂದರಂತೆ ಕೊಕ್ಕೆ ಕಟ್ಟಿ ತಳದಲ್ಲಿ ಹಾಸುವುದು ಈ ಮೀನುಗಾರಿಕೆಯ ಪದ್ಧತಿ. 1983ರ ಸುಮಾರಿಗೆ ನೇರ ಕೊಕ್ಕೆಗಳ ಬದಲಿಗೆ ಒಳಕ್ಕೆ ಬಾಗಿದ ದುಂಡು ಕೊಕ್ಕೆಗಳು ಬಂದವು. ಹಿಡಿತ ಒಮ್ಮೆಲೆ ಹೆಚ್ಚಿತು. ಆ ದುಂಡು ಕೊಕ್ಕೆ ಮೂಲನಿವಾಸಿಗಳ ಬಾಗುಗಾಳದ ತತ್ತ್ವವನ್ನೇ ಹೋಲುತ್ತದೆ. ಉಕ್ಕಿಗೆ ಬಂದದ್ದು ಅದರ ಬಾಗು ಮಾತ್ರ. ದೊಡ್ಡದನ್ನು ಬಿಡುವ ಅಳತೆ ಮರದಲ್ಲಿಯೇ ಉಳಿಯಿತು.

ಓಟ ನಿಲ್ಲಿಸಲು ಕೆನಡಾ 1991ರಲ್ಲಿ, ಅಮೆರಿಕ 1995ರಲ್ಲಿ ಪಾಲು ಹಂಚಿದವು. ಹಿಂದಿನ ವರ್ಷಗಳಲ್ಲಿ ಹಿಡಿದ ಪ್ರಮಾಣವನ್ನು ನೋಡಿ ದೋಣಿ ಮಾಲೀಕರಿಗೆ ಶಾಶ್ವತ ಕೋಟಾ ಸಿಕ್ಕಿತು. ಋತು ಎಂಟು ತಿಂಗಳಿಗೆ ಹಿಗ್ಗಿತು, ಸಾವುಗಳು ಕಡಿಮೆಯಾದವು, ತಾಜಾ ಮೀನಿಗೆ ಒಳ್ಳೆಯ ಬೆಲೆ ಬಂತು. ಇವೆಲ್ಲ ನಿಜವಾದ ಲಾಭಗಳೇ, ಅಲ್ಲಗಳೆಯಬಾರದು. ಆದರೆ ಕೋಟಾ ಮಾರಬಹುದಾದ ಆಸ್ತಿಯಾದದ್ದರಿಂದ ಕೈ ಬಿಗಿಯಿದ್ದ ಹಳ್ಳಿಗಳಿಂದ ಅದು ಹೊರಟುಹೋಯಿತು. ಅಲಾಸ್ಕಾದಲ್ಲಿ ಪಾಲುದಾರರ ಸಂಖ್ಯೆ ಇಪ್ಪತ್ತು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಡಲಿಗೇ ಹೋಗದವರು ಕೋಟಾ ಇಟ್ಟುಕೊಂಡು, ಹಿಡಿಯುವವನಿಂದ ಬೆಲೆಯ ಬಹುಪಾಲನ್ನು ಪಡೆಯುವ ಪದ್ಧತಿ ಬೇರೂರಿದೆ. ಇದಕ್ಕೆ ಅರ್ಥಶಾಸ್ತ್ರಜ್ಞರು ಬೇರೆ ಹೆಸರು ಹೇಳಬಹುದು. 1974ರ ಭೂಸುಧಾರಣೆಯನ್ನು ಕಂಡ ಮಲೆನಾಡಿಗರಿಗೆ ಅದು ಗೇಣಿ ಎಂದು ತಟ್ಟನೆ ತಿಳಿಯುತ್ತದೆ.

ಇಷ್ಟೆಲ್ಲ ಏರ್ಪಾಡುಗಳ ನಡುವೆ ಒಂದು ಪ್ರಶ್ನೆ ಬಹುಕಾಲ ಮರೆಯಲ್ಲಿಯೇ ಉಳಿಯಿತು. ಮಿತಿ ಇರುವುದು ತೂಕಕ್ಕೆ. ಆ ತೂಕ ಯಾವ ಮೀನಿನದು? ವಾಣಿಜ್ಯ ಮೀನುಗಾರಿಕೆಯಲ್ಲಿ 32 ಅಂಗುಲಕ್ಕಿಂತ ಚಿಕ್ಕ ಹ್ಯಾಲಿಬಟ್ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮ ದಶಕಗಳಿಂದ ಇದೆ. ಮರಿಗಳನ್ನು ಉಳಿಸುವ ಸದುದ್ದೇಶವೇ ಅದರ ಹಿಂದಿನದು. ಆದರೆ ಗಂಡುಗಳಲ್ಲಿ ಬಹಳಷ್ಟು ಆ ಅಳತೆಯನ್ನು ಮುಟ್ಟುವುದೇ ಇಲ್ಲ ಅಥವಾ ತೀರ ತಡವಾಗಿ ಮುಟ್ಟುತ್ತವೆ. ದೋಣಿಯಲ್ಲಿಯೇ ಮೀನಿನ ಹೊಟ್ಟೆ ಸೀಳಿ ಶುಚಿ ಮಾಡಿ ತರುವುದರಿಂದ ಬಂದರಿನಲ್ಲಿ ಗಂಡು ಹೆಣ್ಣು ಗುರುತಿಸುವ ದಾರಿ ಇರಲಿಲ್ಲ. ರೆಕ್ಕೆಯ ತುಣುಕಿನಿಂದ ವಂಶವಾಹಿ ಪರೀಕ್ಷೆ ಮಾಡುವ ವಿಧಾನ ಬಂದ ಮೇಲೆ, 2017ರ ಹಿಡಿತದಿಂದ ಮೊದಲುಗೊಂಡು ನಿಜವಾದ ಲೆಕ್ಕ ದೊರೆಯಿತು. ದಡಕ್ಕೆ ಬಂದ ಮೀನುಗಳಲ್ಲಿ ಐದರಲ್ಲಿ ನಾಲ್ಕು ಪಾಲು ಹೆಣ್ಣು. ಚಿಕ್ಕದನ್ನು ಕಾಪಾಡಲು ಮಾಡಿದ ನಿಯಮ ಗಂಡುಗಳನ್ನು ಕಾಪಾಡುತ್ತ ತಾಯಿಯನ್ನು ಗಾಳದ ಮುಂದೆ ನಿಲ್ಲಿಸಿತ್ತು.

ಘಟ್ಟದ ಕಾಡುಗಳಿಗೂ ಇಂಥದೇ ನಿಯಮವಿತ್ತು. ನಿತ್ಯಹರಿದ್ವರ್ಣ ಕಾಡುಗಳಲ್ಲಿ ಕೆಲವು ದಶಕಗಳ ಕಾಲ ನಡೆದ 'ಆಯ್ದು ಕಡಿಯುವ' ಪದ್ಧತಿಯಲ್ಲಿ ನಿಗದಿತ ಸುತ್ತಳತೆ ದಾಟಿದ ಮರಗಳನ್ನಷ್ಟೇ ಪ್ಲೈವುಡ್ಡಿಗೆ, ರೈಲುಹಳಿಯ ದಿಮ್ಮಿಗಳಿಗೆ ಕಡಿಯಬಹುದಾಗಿತ್ತು. ಚಿಕ್ಕವನ್ನು ಬಿಟ್ಟದ್ದರಿಂದ ಕಾಡು ಉಳಿಯುತ್ತದೆ ಎಂಬುದು ಕಡತದ ಲೆಕ್ಕ. ಕಡಿದದ್ದು ಮಾತ್ರ ಧೂಪ, ಮಾವುಗಳ ಅತ್ಯುತ್ತಮ ಬೀಜವೃಕ್ಷಗಳನ್ನು. ಉಳಿದದ್ದು ಅವುಗಳ ನೆರಳಿನಲ್ಲಿ ಸೊರಗಿದವು. ಉಪ್ಪಾಗೆಗೆ ದಿಢೀರನೆ ಬೆಲೆ ಬಂದ ದಿನಗಳಲ್ಲಿ ಹಣ್ಣಿಗಾಗಿ ಕೊಂಬೆಗಳನ್ನೇ ಕಡಿದುರುಳಿಸಿದಾಗಲೂ ಮೊದಲು ಬಲಿಯಾದದ್ದು ಹೆಚ್ಚು ಕಾಯಿ ಬಿಡುವ ಮರಗಳೇ.

ತಾಯಿಮೀನಿನ ವಿಷಯದಲ್ಲಿ ವಿಜ್ಞಾನಿಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. ಹ್ಯಾಲಿಬಟ್‌ನ ಮೊಟ್ಟೆಗಳ ಸಂಖ್ಯೆ ಅದರ ತೂಕಕ್ಕೆ ಹೆಚ್ಚುಕಡಿಮೆ ಅನುಗುಣವಾಗಿದೆ, ಆದ್ದರಿಂದ ಒಂದು ದೊಡ್ಡ ಹೆಣ್ಣನ್ನು ಹಿಡಿಯುವುದೂ ಅಷ್ಟೇ ತೂಕದ ಹಲವು ಸಣ್ಣ ಹೆಣ್ಣುಗಳನ್ನು ಹಿಡಿಯುವುದೂ ಒಂದೇ ಎಂಬ ವಾದ ಆಯೋಗದ ವಲಯದಿಂದಲೇ ಬಂದಿದೆ. ಇದಕ್ಕೆ ಪ್ರತಿಯಾಗಿ, 2018ರಲ್ಲಿ 342 ಜಾತಿಯ ಮೀನುಗಳ ಮಾಹಿತಿಯನ್ನು ಒಟ್ಟುಗೂಡಿಸಿ ಪ್ರಕಟವಾದ ಅಧ್ಯಯನವೊಂದು, ಬಹುತೇಕ ಕಡಲಮೀನುಗಳಲ್ಲಿ ದೊಡ್ಡ ತಾಯಿ ತನ್ನ ತೂಕದ ಪ್ರಮಾಣವನ್ನು ಮೀರಿ ಸಂತಾನಕ್ಕೆ ಶಕ್ತಿ ವ್ಯಯಿಸುತ್ತದೆ ಎಂದು ತೋರಿಸಿತು. ಎರಡು ವಾದಗಳಲ್ಲಿ ಮೊದಲನೆಯದೇ ಸರಿ ಎಂದಿಟ್ಟುಕೊಂಡರೂ ಮುದಿತಾಯಿಗೆ ಒಂದು ಬೆಲೆ ಉಳಿಯುತ್ತದೆ. ಮರಿಗಳಿಗೆ ಅನುಕೂಲವಾದ ವರ್ಷ ಕಡಲಿನಲ್ಲಿ ಅಪರೂಪ. ಹತ್ತು ವರ್ಷ ಕೆಟ್ಟರೂ ಹನ್ನೊಂದನೆಯ ವರ್ಷಕ್ಕೆ ಬದುಕಿರುವ ತಾಯಂದಿರು ಬೇಕು. ಬರಗಾಲವನ್ನು ದಾಟಿಸುವ ಬೀಜದ ಕಣಜವೆಂದರೆ ಅದು. ತೂಕದ ಪಟ್ಟಿಯಲ್ಲಿ ಕಣಜಕ್ಕೂ ಊಟಕ್ಕೂ ಒಂದೇ ಕಾಲಂ.

ಮೀನುಗಳು ಕುಗ್ಗಿಯೂ ಇವೆ. 1980ರ ದಶಕದ ಇಪ್ಪತ್ತು ವರ್ಷದ ಹೆಣ್ಣಿಗೂ 2010ರ ದಶಕದ ಅದೇ ವಯಸ್ಸಿನ ಹೆಣ್ಣಿಗೂ ತೂಕದಲ್ಲಿ ಅರ್ಧಕ್ಕೂ ಹೆಚ್ಚಿನ ವ್ಯತ್ಯಾಸ ಕಂಡುಬಂದಿದೆ. ಆಹಾರಕ್ಕೆ ಇತರ ಮೀನುಗಳ ಪೈಪೋಟಿ, ಕಡಲಿನ ಉಷ್ಣತೆ, ಬೇಗ ಬೆಳೆಯುವುದನ್ನೇ ಆರಿಸಿ ಆರಿಸಿ ಹಿಡಿದದ್ದು ಎಂದು ಹಲವು ಕಾರಣಗಳನ್ನು ಮುಂದಿಡಲಾಗಿದೆ. ಕೊನೆಯದನ್ನು ಯಾವ ರೈತನೂ ಅಸಂಭವವೆನ್ನಲಾರ. ವರ್ಷವರ್ಷವೂ ಜೊಳ್ಳನ್ನೇ ಬಿತ್ತಿದ ಗದ್ದೆಯ ತೆನೆ ಹೇಗಿರುತ್ತದೆಂದು ಅವನು ಬಲ್ಲ.

ಪ್ರವಾಸಿಗರ ಬಾಡಿಗೆ ದೋಣಿಗಳಿಗೆ ಮಾಡಿದ ನಿಯಮವಂತೂ ವಿಚಿತ್ರವಾದದ್ದು. ಆಗ್ನೇಯ ಅಲಾಸ್ಕಾದಲ್ಲಿ 2012ರಲ್ಲಿ 45 ಅಂಗುಲದವರೆಗಿನ ಅಥವಾ 68 ಅಂಗುಲ ಮತ್ತು ಅದಕ್ಕೂ ಮೀರಿದ ಮೀನನ್ನು ಇಟ್ಟುಕೊಳ್ಳಬಹುದು, ನಡುವಿನದನ್ನು ಕಡಲಿಗೆ ಬಿಡಬೇಕು ಎಂದಾಯಿತು. ಒಟ್ಟು ತೂಕ ಮಿತಿಯೊಳಗಿರಲೆಂದು ನಡುವಿನದಕ್ಕೆ ತಡೆ, ಹಣ ತೆತ್ತು ಬಂದವನ ಕನಸಿನ ಚಿತ್ರ ತಪ್ಪದಿರಲೆಂದು 'ಕೊಟ್ಟಿಗೆಯ ಬಾಗಿಲಿ'ಗೆ ಅನುಮತಿ. ಹೈಡಾ ಗಾಳದ ಅಳತೆಗೆ ಇದು ತದ್ವಿರುದ್ಧ: ಅದು ನಡುವಿನದನ್ನು ಹಿಡಿದು ಎರಡು ತುದಿಗಳನ್ನು ಬಿಡುತ್ತಿತ್ತು. ದೊಡ್ಡ ಮೀನನ್ನು ತಾವಾಗಿಯೇ ನೀರಿಗೆ ಮರಳಿಸುವ ದೋಣಿಗಳೂ ಅಲ್ಲಿ ಇವೆ. ಚಿಕ್ಕ ಹ್ಯಾಲಿಬಟ್‌ನ ಮಾಂಸವೇ ಹೆಚ್ಚು ರುಚಿ ಎಂಬುದು ಅಲ್ಲಿಯ ಹಳಬರ ಮಾತು. ಹಾಗಿದ್ದರೆ ದೊಡ್ಡದನ್ನು ಹಿಡಿಯುವುದು ಊಟಕ್ಕಲ್ಲ ಎಂದಾಯಿತು.

ಗಾಳದವರ ಈ ಜಗಳಗಳ ಪಕ್ಕದಲ್ಲಿಯೇ ಅದಕ್ಕಿಂತ ದೊಡ್ಡ ಅನ್ಯಾಯವೊಂದು ನಡೆದುಬಂದಿದೆ. ಅಲಾಸ್ಕಾದ ಪಶ್ಚಿಮಕ್ಕೆ ಬೇರಿಂಗ್ ಸಮುದ್ರದ ನಡುವೆ ಸೇಂಟ್ ಪಾಲ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಉನಂಗನ್ ಜನರ ಪೂರ್ವಿಕರನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರಷ್ಯನ್ ವ್ಯಾಪಾರಿಗಳು ಸೀಲ್ ಪ್ರಾಣಿಗಳ ಬೇಟೆಗಾಗಿ ತಂದು ನೆಲೆಗೊಳಿಸಿದ್ದರು. 1980ರ ದಶಕದ ನಡುವೆ ತುಪ್ಪಳದ ವ್ಯಾಪಾರ ನಿಂತಾಗ ಅವರಿಗೆ ಆಸರೆಯಾದದ್ದು ಸಣ್ಣ ದೋಣಿಗಳ ಹ್ಯಾಲಿಬಟ್ ಮೀನುಗಾರಿಕೆ. ಅದೇ ಕಡಲಿನಲ್ಲಿ ಸುಮಾರು ಇಪ್ಪತ್ತು ಬೃಹತ್ ಟ್ರಾಲ್ ಹಡಗುಗಳು ಬೇರೆ ಚಪ್ಪಟೆ ಮೀನುಗಳಿಗಾಗಿ ತಳವನ್ನು ಗುಡಿಸುತ್ತವೆ. ಅವುಗಳ ಬಲೆಗೆ ಬಿದ್ದ ಹ್ಯಾಲಿಬಟ್ಟನ್ನು ಕಾನೂನಿನ ಪ್ರಕಾರ ಮಾರುವಂತಿಲ್ಲ, ಕಡಲಿಗೆ ಎಸೆಯಬೇಕು. ಎಸೆದವುಗಳಲ್ಲಿ ಬಹುಪಾಲು ಸಾಯುತ್ತವೆ. ಅವು ಹೆಚ್ಚಾಗಿ ಪೂರ್ವಕ್ಕೆ ಈಜಿ ಬೆಳೆಯಬೇಕಾಗಿದ್ದ ಎಳೆಯವು. 2014ರ ಹೊತ್ತಿಗೆ ಬೇರಿಂಗ್ ಸಮುದ್ರದಲ್ಲಿ ಹ್ಯಾಲಿಬಟ್ ಮೀನುಗಾರರು ಹಿಡಿದದ್ದಕ್ಕಿಂತ ಹೀಗೆ ಸತ್ತು ಎಸೆಯಲ್ಪಟ್ಟದ್ದೇ ಹೆಚ್ಚಾಯಿತು. ಮೀನು ಕಡಿಮೆಯಾದಾಗ ದ್ವೀಪದವರ ಪಾಲು ಇಳಿಯುತ್ತಿತ್ತು. ಹಡಗುಗಳು ಎಸೆಯಬಹುದಾದ ಪ್ರಮಾಣ ಮಾತ್ರ ಸ್ಥಿರ ಸಂಖ್ಯೆಯಾಗಿತ್ತು.

ದ್ವೀಪದ ಜನ ಸಭೆಯಿಂದ ಸಭೆಗೆ ವಿಮಾನದಲ್ಲಿ ಹೋಗಿ ಮಾತನಾಡಿದರು. 2015ರಲ್ಲಿ ಮೀನುಗಾರಿಕಾ ಮಂಡಳಿ ಎಸೆಯುವ ಮಿತಿಯನ್ನು ಸುಮಾರು ಐದನೇ ಒಂದು ಪಾಲು ಇಳಿಸಿತು. 2021ರ ಡಿಸೆಂಬರ್‌ನಲ್ಲಿ ಆ ಮಿತಿಯನ್ನು ಕಡಲಿನಲ್ಲಿರುವ ಹ್ಯಾಲಿಬಟ್ ಪ್ರಮಾಣಕ್ಕೇ ಕಟ್ಟಿಹಾಕುವ ನಿರ್ಧಾರವಾಯಿತು. ಮೀನು ಕುಗ್ಗಿದರೆ ಎಸೆತವೂ ಕುಗ್ಗಬೇಕು. 2024ರಿಂದ ಅದು ಜಾರಿಯಲ್ಲಿದೆ. ಇಷ್ಟು ಸಾಮಾನ್ಯವಾದ ನ್ಯಾಯಕ್ಕೆ ವರ್ಷಗಟ್ಟಲೆ ಹೋರಾಡಬೇಕಾಯಿತು. ಹಡಗಿನವರು ಬಲೆ ಎತ್ತಿದ ತಕ್ಷಣ ಹ್ಯಾಲಿಬಟ್ಟನ್ನು ಬೇರ್ಪಡಿಸಿ ಜೀವಂತ ಬಿಡುವ ಕ್ರಮವನ್ನೂ ರೂಢಿಸಿಕೊಂಡಿದ್ದಾರೆ, ಅದರಿಂದ ಸಾವು ಕಡಿಮೆಯಾಗಿದೆ.

ಕರ್ನಾಟಕದ ಕರಾವಳಿಯಲ್ಲಿ ಎಸೆಯುವ ಪ್ರಮೇಯವೇ ಈಗ ಕಡಿಮೆ, ಏಕೆಂದರೆ ಟ್ರಾಲ್ ಬಲೆಗೆ ಬಿದ್ದ ಮರಿಮೀನುಗಳು ಮೀನುಹುಡಿಯ ಕಾರ್ಖಾನೆಗಳಿಗೆ ಹೋಗುತ್ತವೆ. ಜೂನ್, ಜುಲೈ ತಿಂಗಳುಗಳಲ್ಲಿ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಬುಲ್ ಟ್ರಾಲಿಂಗ್ ಮತ್ತು ಬೆಳಕು ಮೀನುಗಾರಿಕೆಯನ್ನು 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಕಡಲವಲಯದಲ್ಲಿ ನಿಷೇಧಿಸಿತು. ಆ ಬಳಿಕವೂ ನಾಡದೋಣಿಯವರು ಅದರ ವಿರುದ್ಧ ಬೀದಿಗಿಳಿಯುವುದು ತಪ್ಪಿಲ್ಲ. ಬಂಡೆಗಳ ಸಂದಿನಲ್ಲಿ ಬದುಕುವ ದೊಡ್ಡ ಮುರು ಮೀನು ಬಲೆಗೆ ಬಿದ್ದಾಗ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಅದರ ಬದುಕು ಹ್ಯಾಲಿಬಟ್‌ಗೆ ಉಲ್ಟಾ: ಮುರು ಜಾತಿಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಪ್ರಾಯಕ್ಕೆ ಬಂದು, ದೊಡ್ಡದಾದ ಮೇಲೆ ಗಂಡಾಗಿ ಮಾರ್ಪಡುತ್ತವೆ. ಅಲ್ಲಿ ದೊಡ್ಡದನ್ನೆಲ್ಲ ಹಿಡಿದರೆ ಉಳಿಯುವುದು ಗಂಡಿಲ್ಲದ ಸಂಸಾರ. ಒಂದೇ ಅಳತೆಗೋಲು ಎಲ್ಲ ಮೀನಿಗೂ ಸಲ್ಲುವುದಿಲ್ಲ. ಯಾವ ಜೀವಿಯ ಬೀಜ ಎಲ್ಲಿ ಅಡಗಿದೆ ಎಂದು ಒಂದೊಂದಾಗಿ ತಿಳಿಯಬೇಕು. ಹ್ಯಾಲಿಬಟ್‌ನಲ್ಲಿ ಅದನ್ನು ತಿಳಿಯಲು ನೂರು ವರ್ಷದ ಲೆಕ್ಕವಿದ್ದೂ 2017ರವರೆಗೆ ಕಾಯಬೇಕಾಯಿತು.

ಆ ನೂರು ವರ್ಷಗಳಲ್ಲಿ ಎಲ್ಲ ಬಗೆಯ ಸಾವುಗಳೂ ಸೇರಿ ವರ್ಷಕ್ಕೆ ಸರಾಸರಿ 6.3 ಕೋಟಿ ಪೌಂಡ್, ಅಂದರೆ ಸುಮಾರು 28,500 ಟನ್ ಪೆಸಿಫಿಕ್ ಹ್ಯಾಲಿಬಟ್ ಕಡಲಿನಿಂದ ಹೋಗಿದೆ. 2004ರಲ್ಲಿ ಅದು 10 ಕೋಟಿ ಪೌಂಡ್ ತಲುಪಿತ್ತು. ತಾಯಿಮೀನುಗಳ ಸಂಗ್ರಹ 1990ರ ದಶಕದ ಕೊನೆಯಿಂದಲೇ ಇಳಿಮುಖವಾಗಿತ್ತೆಂದು ಹಿಂದಿರುಗಿ ನೋಡಿದಾಗ ತಿಳಿಯಿತು. 2025ರ ಜನವರಿಯ ಸಭೆಯಲ್ಲಿ ಆಯೋಗ ಗೊತ್ತುಮಾಡಿದ ಮಿತಿ 2.97 ಕೋಟಿ ಪೌಂಡ್. ಶತಮಾನದ ಸರಾಸರಿಯ ಅರ್ಧಕ್ಕೂ ಕಡಿಮೆ. ವಲಯವಾರು ಪಟ್ಟಿ ದಕ್ಷಿಣದ ವಾಷಿಂಗ್ಟನ್ ತೀರದಿಂದ ಆರಂಭವಾಗಿ ಉತ್ತರಕ್ಕೆ ಸಾಗುತ್ತದೆ. ಸೇಂಟ್ ಪಾಲ್ ದ್ವೀಪದ ದೋಣಿಗಳು ಮೀನು ಹಿಡಿಯುವ ವಲಯ ಅದರ ಕೊನೆಯ ಸಾಲಿನಲ್ಲಿದೆ.